ಹುತಾತ್ಮ ಮೈಲಾರ ಮಹಾದೇವಪ್ಪ

ಗೆಳೆಯರೇ, ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿಗೆ ಹೋಗೋವಾಗ ಹೆದ್ದಾರಿಯಲ್ಲೇ ಮೋಟೆಬೆನ್ನೂರು ಸಿಗುತ್ತೆ. ಈಗಿನ ಹಾವೇರಿ ಜಿಲ್ಲೆಯ ಈ ಹಳ್ಳಿಯಲ್ಲಿ 1911ರ ಜೂನ್ 8ರಂದು ಮಹಾದೇವಪ್ಪನವರು ಹುಟ್ಟಿದರು. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ.

1930ರಲ್ಲಿ ಗಾಂಧೀಜಿಯವರು ಉಪ್ಪಿನ ಕಾನೂನು ಮುರಿಯಲು ಸಾಬರಮತಿಯಿಂದ ದಂಡಿಗೆ ನಡೆದರಲ್ಲ, ಆಗ ಜೊತೆಗೆ ಹೊರಟ 78 ಮಂದಿಯಲ್ಲಿ ಕರ್ನಾಟಕದವರು ಇವರೊಬ್ಬರೇ. ವಯಸ್ಸು ಬರೀ 18! ಆಮೇಲೆ ಜೈಲಿಗೂ ಹೋದರು. ಹೆಂಡತಿ ಸಿದ್ದಮ್ಮನವರೂ ಚಳವಳಿಗೆ ಇಳಿದು ಜೈಲು ಕಂಡರು.

1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿ ಶುರುವಾಯ್ತು. ದೊಡ್ಡ ನಾಯಕರೆಲ್ಲ ಸೆರೆಯಲ್ಲಿದ್ದರು. ಮಹಾದೇವಪ್ಪನವರು ಸುಮ್ಮನೆ ಕೂರಲಿಲ್ಲ, ತಂಡ ಕಟ್ಟಿದರು. ರೈತರು ಬೆವರು ಸುರಿಸಿ ಕಟ್ಟಿದ ಕಂದಾಯ ಬ್ರಿಟಿಷರ ಪಾಲಾಗಬಾರದು ಅಂತ ಹಠ ಹಿಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣ ಇಟ್ಟಿದ್ದ ಕಡೆಗೆ ನುಗ್ಗಿದಾಗ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪ್ರಾಣ ಕೊಟ್ಟರು. ಆಗ ಮಹಾದೇವಪ್ಪನವರಿಗೆ 31 ವರ್ಷ. ಇನ್ನು ನಾಲ್ಕೇ ವರ್ಷಕ್ಕೆ ಸ್ವಾತಂತ್ರ್ಯ ಬಂತು, ನೋಡೋಕೆ ಅವರಿರಲಿಲ್ಲ.

2018ರಲ್ಲಿ ಅವರ ಅಂಚೆ ಚೀಟಿ ಬಂದಿದೆ. ಗೆಳೆಯರೇ, ದೇಶಕ್ಕೆ ದುಡಿಯೋಕೆ ದೊಡ್ಡ ಊರಲ್ಲೇ ಹುಟ್ಟಬೇಕಿಲ್ಲ. ಹಳ್ಳಿ ಹುಡುಗರ ಕೈಲೂ ಆಗುತ್ತೆ.