ಗೋರಿಯ ಮೇಲೊಂದು ಕಲ್ಲು

ನನ್ನೂರು ಕೃಷ್ಣಾತೀರದ ಸತ್ತಿ. ನಮ್ಮ ಅಜ್ಜಿ ಕಾಲವನ್ನೆಣಿಸುತ್ತಿದ್ದುದು ಇಸವಿಯಿಂದಲ್ಲ. ಪ್ಲೇಗಿಗೆ ಮೊದಲು, ಪ್ಲೇಗಿನ ತರುವಾಯ ಎಂದು. ಅತ್ತೆಯಿಂದ ಕೇಳಿದ್ದನ್ನು ಆಕೆ ನಮಗೆ ಹೇಳುತ್ತಿದ್ದಳು. ಇಲಿ ಬಿದ್ದೊಡನೆ ಮನೆಗಳಿಗೆ ಕದವಿಕ್ಕಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಇಂದು ಹೆಣ ಹೊತ್ತವನನ್ನು ನಾಳೆ ಮತ್ತೊಬ್ಬರು ಹೊರಬೇಕಾಗುತ್ತಿತ್ತಂತೆ. ಅಳುವುದಕ್ಕೂ ಬಿಡುವಿರಲಿಲ್ಲವಂತೆ. ಆ ಮಾರಿಗೆ ಲಸಿಕೆ ಕಂಡುಹಿಡಿದವರ ಹೆಸರನ್ನು ಅಜ್ಜಿ ಕೇಳಿರಲಿಲ್ಲ. ನಾನು ಕೇಳಿದ್ದೂ ನಡುವಯಸ್ಸಿನಲ್ಲಿ.

ವಾಲ್ಡೆಮಾರ್ ಹಾಫ್ಕಿನ್ನರು 1860ರಲ್ಲಿ ಕಪ್ಪುಸಮುದ್ರದ ತೀರದ ಒಡೆಸ್ಸಾದಲ್ಲಿ ಯಹೂದಿ ಮನೆತನದಲ್ಲಿ ಜನಿಸಿದರು. ರಷ್ಯದಲ್ಲಿ ಯಹೂದಿಗೆ ಅಧ್ಯಾಪಕಪದವಿ ಸಿಗದ ಕಾಲವದು. ಅವರು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1893ರಲ್ಲಿ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗು ಹೊಕ್ಕಾಗ ಮೂರು ತಿಂಗಳು ಹಗಲಿರುಳೆನ್ನದೆ ದುಡಿದರು. 1897ರ ಜನವರಿ 10ರಂದು ಹೊಸ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಕೆರಳಿತು. ಅಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ ಆ ಲಸಿಕೆಗೆ ತೋಳೊಡ್ಡಿದರು.

ಉಪಕಾರಕ್ಕೆ ದೊರೆತ ಪ್ರತಿಫಲ ಬೇರೆಯೇ ಆಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಸರಕಾರ ತಪ್ಪನ್ನು ಹಾಫ್ಕಿನ್ನರ ಪ್ರಯೋಗಶಾಲೆಯ ಮೇಲೆ ಹೊರಿಸಿ ಅವರನ್ನು ಕೆಲಸದಿಂದ ದೂರವಿಟ್ಟಿತು. ನೆಲಕ್ಕೆ ಬಿದ್ದ ಚಿಮಟವನ್ನು ಶುದ್ಧಿಮಾಡದೆ ಆ ಹಳ್ಳಿಯಲ್ಲಿ ಬಳಸಿದ್ದ ಸಂಗತಿ ಮೆಲ್ಲಗೆ ಹೊರಬಿತ್ತು. ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ದನಿಯೆತ್ತಿದ ಬಳಿಕ 1907ರಲ್ಲಿ ಕಳಂಕವೇನೋ ತೊಳೆಯಿತು. ಆದರೆ ತಾವು ಕಟ್ಟಿದ ಮುಂಬಯಿಯ ಪ್ರಯೋಗಶಾಲೆ ಅವರಿಗೆ ಮರಳಿ ದಕ್ಕಲಿಲ್ಲ. ಕಲಕತ್ತೆಯಲ್ಲಿ ಕೆಲವು ವರ್ಷ ಕಳೆದು ನಿವೃತ್ತರಾದರು. ಅದೇ ಪ್ರಯೋಗಶಾಲೆಗೆ ಅವರ ಹೆಸರನ್ನಿಟ್ಟದ್ದು 1925ರಲ್ಲಿ.

1930ರ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಹಾಫ್ಕಿನ್ನರು ತೀರಿಕೊಂಡರು. ಅವರು ಅವಿವಾಹಿತರು. ಯಹೂದಿ ಸಂಪ್ರದಾಯವನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿದೀತು. ಅವರಲ್ಲಿ ಏಳು ದಿನ ಮನೆಮಂದಿ ತಗ್ಗು ಪೀಠಗಳ ಮೇಲೆ ಕುಳಿತು ಶೋಕಿಸುತ್ತಾರೆ. ಹನ್ನೊಂದು ತಿಂಗಳು ಮಗ ಹತ್ತು ಜನರ ಸಭೆಯಲ್ಲಿ ನಿಂತು ಕದ್ದಿಶ್ ಎಂಬ ಪ್ರಾರ್ಥನೆಯನ್ನು ಹೇಳುತ್ತಾನೆ. ಅದರಲ್ಲಿ ಸಾವಿನ ಮಾತೇ ಇಲ್ಲ, ದೇವರ ಮಹಿಮೆ ಮಾತ್ರ. ನಮ್ಮ ತಿಥಿಯಂತೆಯೇ ತಮ್ಮ ಪಂಚಾಂಗದ ದಿನವನ್ನು ನೋಡಿ ವರ್ಷಕ್ಕೊಮ್ಮೆ ದೀಪ ಹಚ್ಚುತ್ತಾರೆ. ಗೋರಿಗೆ ಹೂವಿಡುವುದಕ್ಕಿಂತ ಕಲ್ಲಿಡುವುದೇ ಅಲ್ಲಿ ರೂಢಿ. ವಿದ್ಯೆ ಕೊಟ್ಟ ಗುರು ತೀರಿಕೊಂಡರೆ ತಂದೆ ಸತ್ತಾಗಿನಂತೆಯೇ ಶಿಷ್ಯನೂ ಉಟ್ಟ ಬಟ್ಟೆಯನ್ನು ಹರಿದುಕೊಳ್ಳಬೇಕೆಂಬ ವಿಧಿಯಿದೆ. ಎಂದರೆ, ಶೋಕಿಸುವ ಹಕ್ಕು ರಕ್ತಸಂಬಂಧಕ್ಕಷ್ಟೇ ಮೀಸಲಲ್ಲ.

ಮಗನಿಲ್ಲದ ಹಾಫ್ಕಿನ್ನರು ತಮ್ಮ ಸಂಪತ್ತನ್ನು ಪೂರ್ವ ಯೂರೋಪಿನ ಯಹೂದಿ ಧರ್ಮಪಾಠಶಾಲೆಗಳಿಗೆ ಬಿಟ್ಟುಹೋದರು. ಮೃತರ ಹೆಸರಿನಲ್ಲಿ ನಡೆಯುವ ಅಧ್ಯಯನವೂ ಅವರಲ್ಲಿ ಶ್ರಾದ್ಧವಿದ್ದಂತೆ. ಆದರೆ ಹತ್ತು ಹದಿನೈದು ವರ್ಷಗಳೊಳಗೆ ಹಿಟ್ಲರನ ಸೇನೆ ಆ ಪಾಠಶಾಲೆಗಳಲ್ಲಿ ಬಹುಪಾಲನ್ನು ಹುಡುಗರ ಸಮೇತ ಅಳಿಸಿಹಾಕಿತು. ಅವರನ್ನು ನೆನೆಯಬೇಕಾದವರೇ ಇಲ್ಲವಾದರು.

ಹಾಗಾದರೆ ಈ ಋಣ ಯಾರದು? ತೋಳೊಡ್ಡಿ ಬದುಕಿಕೊಂಡವರ ಮೊಮ್ಮಕ್ಕಳದ್ದೆಂದೇ ನನ್ನ ಭಾವನೆ. ನಾವು ಪ್ಲೇಗಮ್ಮನಿಗೆ ಗುಡಿ ಕಟ್ಟಿದೆವು. ಈ ಮಹನೀಯರಿಗೆ ಒಂದು ಹಣತೆಯನ್ನೂ ಹಚ್ಚಲಿಲ್ಲ. ಲೋಸಾನಿಗೆ ಹೋಗುವ ಯೋಗ ನನಗಿಲ್ಲ. ಕಳೆದ ಅಕ್ಟೋಬರಿನಲ್ಲಿ ಊರಿಗೆ ಹೋದಾಗ ಹೊಳೆದಂಡೆಯ ಕಲ್ಲೊಂದನ್ನು ಆಯ್ದು, ಅಜ್ಜಿಯ ಅತ್ತೆಯವರ ಗುಡಿಸಲಿದ್ದ ಹೊಲದ ಬದುವಿನ ಮೇಲಿಟ್ಟು ಬಂದೆ.