ಬಿಷಪ್ ರಿಚರ್ಡ್ ಅಲೆನ್

ದೇವರ ದೃಷ್ಟಿಯಲ್ಲಿ ಮನುಷ್ಯರೆಲ್ಲರೂ ಸಮಾನರೆಂದು ಕ್ರೈಸ್ತಧರ್ಮವು ಬೋಧಿಸುತ್ತದೆ. ಆದರೆ ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಆ ಧರ್ಮದ ಅನುಯಾಯಿಗಳಲ್ಲಿಯೇ ಅನೇಕರು ಆಫ್ರಿಕದಿಂದ ತಂದ ಕರಿಯ ಜನರನ್ನೂ ಅವರ ಸಂತತಿಯನ್ನೂ ದನಕರುಗಳಂತೆ ಕೊಂಡು ಮಾರುತ್ತಿದ್ದರು. ಬೋಧನೆಗೂ ಆಚರಣೆಗೂ ನಡುವೆ ಇದ್ದ ಈ ಕಂದರವನ್ನು ಕಂಡು, ಧರ್ಮವನ್ನು ತೊರೆಯದೆ, ಅನ್ಯಾಯಕ್ಕೂ ತಲೆಬಾಗದೆ, ಬೇರೊಂದು ದಾರಿಯನ್ನು ತುಳಿದವರು ರಿಚರ್ಡ್ ಅಲೆನ್.

ಅಲೆನ್ನರು 1760ರ ಫೆಬ್ರವರಿ 14ರಂದು ಗುಲಾಮರ ಮಗನಾಗಿ ಜನಿಸಿದರು. ಆಗ ಅವರ ಒಡೆಯನಾಗಿದ್ದವನು ಫಿಲಡೆಲ್ಫಿಯದ ವಕೀಲ ಬೆಂಜಮಿನ್ ಚ್ಯೂ. ಕೆಲವು ವರ್ಷಗಳ ಅನಂತರ ಅವನು ಇಡೀ ಕುಟುಂಬವನ್ನು ಡೆಲವೇರ್ ಪ್ರಾಂತದ ಸ್ಟರ್ಜಿಸ್ ಎಂಬ ರೈತನಿಗೆ ಮಾರಿದನು. ಸ್ಟರ್ಜಿಸ್ ಕ್ರೂರಿಯಾಗಿರಲಿಲ್ಲ. ಆದರೂ ಹಣದ ಮುಗ್ಗಟ್ಟು ಒದಗಿದಾಗ ಅಲೆನ್ನರ ತಾಯಿಯನ್ನೂ ಒಡಹುಟ್ಟಿದವರಲ್ಲಿ ಕೆಲವರನ್ನೂ ಮಾರಿಬಿಟ್ಟನು. ಒಡೆಯನು ಎಷ್ಟೇ ಸಜ್ಜನನಾಗಿದ್ದರೂ ಗುಲಾಮನಿಗೆ ತನ್ನ ತಾಯಿಯೂ ತನ್ನವಳಲ್ಲ ಎಂಬ ಸತ್ಯವು ಎಳೆಯ ವಯಸ್ಸಿನಲ್ಲಿಯೇ ಅವರಿಗೆ ಮನದಟ್ಟಾಯಿತು.

ಹದಿನೇಳನೆಯ ವಯಸ್ಸಿನಲ್ಲಿ ಅಲೆನ್ನರು ಮೆಥೊಡಿಸ್ಟ್ ಪಂಥವನ್ನು ಸೇರಿದರು. ಆ ಕಾಲದಲ್ಲಿ ಆ ಪಂಥದ ಉಪದೇಶಕರು ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದರು. ಧರ್ಮಶ್ರದ್ಧೆಯಿಂದ ಗುಲಾಮರು ಕೆಡುವರೆಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದುದರಿಂದ ಅಲೆನ್ನರೂ ಅವರ ಸೋದರನೂ ಹೊಲದ ಕೆಲಸವನ್ನು ಮೊದಲಿಗಿಂತ ಹೆಚ್ಚು ನಿಷ್ಠೆಯಿಂದ ಮಾಡತೊಡಗಿದರು. ಇದನ್ನು ಮೆಚ್ಚಿದ ಸ್ಟರ್ಜಿಸ್ ತನ್ನ ಮನೆಯಲ್ಲಿಯೇ ಉಪದೇಶ ನಡೆಯಲು ಅವಕಾಶವಿತ್ತನು. ಫ್ರೀಬಾರ್ನ್ ಗ್ಯಾರೆಟ್ಸನ್ ಎಂಬ ಉಪದೇಶಕನ ಮಾತುಗಳನ್ನು ಕೇಳಿದ ಮೇಲೆ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಪಾಪವೆಂದು ಅವನಿಗೆ ತೋರಿತು. ಆದರೆ ಸಾಲಗಾರನಾದ ಅವನು ಬೆಲೆಯಿಲ್ಲದೆ ಬಿಡುಗಡೆ ನೀಡಲಿಲ್ಲ. 2000 ಡಾಲರುಗಳನ್ನು ದುಡಿದು ತೆತ್ತರೆ ಬಿಡುಗಡೆ ಎಂದು ಒಪ್ಪಂದವಾಯಿತು. ಅಲೆನ್ನರು ಅಂಗೈ ಬೊಬ್ಬೆಯೇಳುವವರೆಗೆ ಸೌದೆ ಕಡಿದರು, ಇಟ್ಟಿಗೆ ಮಾಡಿದರು, ಸ್ವಾತಂತ್ರ್ಯ ಯುದ್ಧದ ದಿನಗಳಲ್ಲಿ ಉಪ್ಪಿನ ಬಂಡಿ ಹೊಡೆದರು. ಹೀಗೆ ಕೂಡಿಸಿದ ಹಣದಿಂದ 1783ರಲ್ಲಿ ತಮ್ಮನ್ನು ತಾವೇ ಕೊಂಡುಕೊಂಡು ಸ್ವತಂತ್ರರಾದರು.

ಅನಂತರ ಕಾಲ್ನಡಿಗೆಯಲ್ಲಿ ಊರೂರು ಸುತ್ತಿ ಉಪದೇಶ ಮಾಡುತ್ತಿದ್ದ ಅಲೆನ್ನರು 1786ರಲ್ಲಿ ಫಿಲಡೆಲ್ಫಿಯಕ್ಕೆ ಬಂದರು. ಅಲ್ಲಿಯ ಸೇಂಟ್ ಜಾರ್ಜ್ ಚರ್ಚಿನಲ್ಲಿ ಬೆಳಗಿನ ಐದು ಗಂಟೆಗೆ ಉಪದೇಶ ಮಾಡಲು ಅವರಿಗೆ ಅನುಮತಿ ದೊರೆಯಿತು. ಅವರ ಮಾತು ಕೇಳಲು ಬರುವ ಕರಿಯರ ಸಂಖ್ಯೆ ಬೆಳೆಯತೊಡಗಿತು. 1787ರಲ್ಲಿ ಅವರು ತಮ್ಮ ಮಿತ್ರ ಆಬ್ಸಲಮ್ ಜೋನ್ಸ್‌ರೊಡನೆ ಸ್ವತಂತ್ರ ಆಫ್ರಿಕನ್ನರ ಸಂಘವನ್ನು ಸ್ಥಾಪಿಸಿದರು. ಸದಸ್ಯರು ತಿಂಗಳಿಗೊಂದು ಸಣ್ಣ ವಂತಿಗೆ ಕೊಡುತ್ತಿದ್ದರು. ರೋಗಿಗಳಿಗೂ ವಿಧವೆಯರಿಗೂ ತಬ್ಬಲಿಗಳಿಗೂ ಅದು ಆಸರೆಯಾಯಿತು.

ಸೇಂಟ್ ಜಾರ್ಜ್ ಚರ್ಚನ್ನು ವಿಸ್ತರಿಸುವ ಕಾರ್ಯದಲ್ಲಿ ಕರಿಯರೂ ಹಣ ಕೊಟ್ಟಿದ್ದರು, ಮೈಮುರಿದು ದುಡಿದಿದ್ದರು. ಆದರೆ ಅವರಿಗೆ ಗೊತ್ತುಮಾಡಿದ ಸ್ಥಳ ಬಿಳಿಯರಿಂದ ದೂರವಾದ ಮೇಲಟ್ಟದಲ್ಲಿತ್ತು. ಒಂದು ಭಾನುವಾರ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ಚರ್ಚಿನ ಮೇಲ್ವಿಚಾರಕನೊಬ್ಬನು ಬಂದು, ಅದು ಕರಿಯರ ಸ್ಥಳವಲ್ಲವೆಂದು ಜೋನ್ಸ್‌ರನ್ನು ಹಿಡಿದೆಬ್ಬಿಸತೊಡಗಿದನು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಬೇಕೆಂದು ಅವರು ಕೇಳಿಕೊಂಡರೂ ಅವನು ಕಿವಿಗೊಡಲಿಲ್ಲ. ಪ್ರಾರ್ಥನೆ ಮುಗಿದೊಡನೆ ಕರಿಯರೆಲ್ಲರೂ ಒಂದೇ ಗುಂಪಾಗಿ ಹೊರನಡೆದರು. ಅವರು ಮತ್ತೆ ಆ ಚರ್ಚಿನ ಹೊಸ್ತಿಲು ತುಳಿಯಲಿಲ್ಲ.

1793ರಲ್ಲಿ ಫಿಲಡೆಲ್ಫಿಯದಲ್ಲಿ ಪೀತಜ್ವರ ಹಬ್ಬಿತು. ಸುಮಾರು 5000 ಮಂದಿ ಮಡಿದರು. ಸಿರಿವಂತರು ಊರು ಬಿಟ್ಟರು. ಬಂಧುಗಳೇ ಬಂಧುಗಳನ್ನು ತೊರೆದರು. ಕರಿಯರಿಗೆ ಈ ರೋಗ ತಗಲುವುದಿಲ್ಲವೆಂದು ನಂಬಿದ್ದ ವೈದ್ಯ ಬೆಂಜಮಿನ್ ರಷ್ ಅಲೆನ್ ಮತ್ತು ಜೋನ್ಸ್‌ರ ನೆರವು ಬೇಡಿದನು. ಆ ನಂಬಿಕೆ ಸುಳ್ಳಾಗಿತ್ತು. ಕರಿಯರೂ ನೂರಾರು ಸಂಖ್ಯೆಯಲ್ಲಿ ಹಾಸಿಗೆ ಹಿಡಿದರು, ಅನೇಕರು ಸತ್ತರು, ಅಲೆನ್ನರೂ ಕಾಯಿಲೆಬಿದ್ದು ಚೇತರಿಸಿಕೊಂಡರು. ಆದರೂ ಸಂಘದವರು ರೋಗಿಗಳ ಶುಶ್ರೂಷೆಯನ್ನಾಗಲಿ ಶವಸಂಸ್ಕಾರವನ್ನಾಗಲಿ ನಿಲ್ಲಿಸಲಿಲ್ಲ.  ಜ್ವರ ಇಳಿದ ಮೇಲೆ, ಕರಿಯ ದಾದಿಯರು ರೋಗಿಗಳಿಂದ ಹಣ ಸುಲಿದರೆಂದು ಮ್ಯಾಥ್ಯೂ ಕೇರಿ ಎಂಬ ಪ್ರಕಾಶಕನು ಬರೆದನು. ಅಲೆನ್ ಮತ್ತು ಜೋನ್ಸ್‌ರು 1794ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿ, ಖರ್ಚುವೆಚ್ಚದ ಲೆಕ್ಕವನ್ನೂ ಮುಂದಿಟ್ಟು ಈ ಅಪವಾದವನ್ನು ಅಲ್ಲಗಳೆದರು.

ಅದೇ ವರ್ಷ ಅಲೆನ್ನರು ಹಳೆಯ ಕಮ್ಮಾರಸಾಲೆಯೊಂದನ್ನು ಕೊಂಡು, ಕುದುರೆಗಳಿಂದ ಎಳೆಯಿಸಿ ತಮ್ಮ ನಿವೇಶನಕ್ಕೆ ತಂದು, ಅದನ್ನೇ ಬೆತೆಲ್ ಚರ್ಚನ್ನಾಗಿ ಮಾರ್ಪಡಿಸಿದರು. ಆದರೆ ಅದರ ಆಸ್ತಿಯೂ ಉಪದೇಶಪೀಠವೂ ತಮ್ಮ ಅಧೀನವೆಂದು ಬಿಳಿಯ ಹಿರಿಯರು ಹಕ್ಕು ಸಾಧಿಸಿದರು. ಕೊನೆಗೆ ಚರ್ಚು ಹರಾಜಿಗೆ ಬಂದಿತು. ತಮ್ಮ ಕೈಯಾರೆ ಕಟ್ಟಿದ ಮಂದಿರವನ್ನು ಅಲೆನ್ನರು 10,000 ಡಾಲರುಗಳಿಗೂ ಹೆಚ್ಚು ಹಣ ತೆತ್ತು ಮರಳಿ ಪಡೆಯಬೇಕಾಯಿತು. 1816ರ ಆರಂಭದಲ್ಲಿ ಪೆನ್ಸಿಲ್ವೇನಿಯದ ಶ್ರೇಷ್ಠ ನ್ಯಾಯಾಲಯವು ಬೆತೆಲ್ ಸಭೆಯ ಪರವಾಗಿ ತೀರ್ಪಿತ್ತಿತು. ಆ ವರ್ಷದ ಏಪ್ರಿಲ್‌ನಲ್ಲಿ ಹಲವು ಊರುಗಳ ಕರಿಯ ಸಭೆಗಳು ಒಂದುಗೂಡಿ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚನ್ನು ಸ್ಥಾಪಿಸಿದವು. ಒಮ್ಮೆ ಮಾರಾಟದ ಸರಕಾಗಿದ್ದ ಅಲೆನ್ನರು ಅದರ ಬಿಷಪ್ ಆದರು.

ಸ್ವತಂತ್ರರಾದ ಕರಿಯರನ್ನು ಆಫ್ರಿಕಕ್ಕೆ ಸಾಗಿಸುವ ಯೋಜನೆಯೊಂದು ಆ ದಿನಗಳಲ್ಲಿ ಹುಟ್ಟಿಕೊಂಡಿತು. ಅಲೆನ್ನರಿಗೂ ಮೊದಲು ಅದರಲ್ಲಿ ಸ್ವಲ್ಪ ಒಲವಿತ್ತು. 1817ರ ಜನವರಿಯಲ್ಲಿ ಬೆತೆಲ್‌ನಲ್ಲಿ ಸೇರಿದ ಸುಮಾರು 3000 ಜನ ಅದನ್ನು ಒಕ್ಕೊರಲಿನಿಂದ ತಿರಸ್ಕರಿಸಿದರು. ನಾಯಕರು ಜನರ ತೀರ್ಪಿಗೆ ತಲೆಬಾಗಿದರು. ತಾವು ಬೆವರು ಸುರಿಸಿದ ನಾಡು ತಮ್ಮದೇ ಎಂಬ ನಿಲುವನ್ನು ಅಲೆನ್ನರು ಮುಂದೆ ಸಾರಿದರು. ಅವರೂ ಅವರ ಪತ್ನಿ ಸಾರಾ ಅವರೂ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಆಶ್ರಯವಿತ್ತರು. 1830ರಲ್ಲಿ ಹಲವು ಪ್ರಾಂತಗಳ ಕರಿಯ ಪ್ರತಿನಿಧಿಗಳು ಬೆತೆಲ್‌ನಲ್ಲಿ ನಡೆಸಿದ ಸಮ್ಮೇಳನಕ್ಕೆ ಅಲೆನ್ನರೇ ಅಧ್ಯಕ್ಷರಾಗಿದ್ದರು. 1831ರ ಮಾರ್ಚ್ 26ರಂದು ಅವರು ನಿಧನರಾದರು.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದುದು 1865ರಲ್ಲಿ. ಅದನ್ನು ಕಾಣಲು ಅಲೆನ್ನರು ಬದುಕಿರಲಿಲ್ಲ. ಆದರೆ ಅವರು ಕಟ್ಟಿದ ಸಂಸ್ಥೆ ಇಂದು ಹಲವು ಖಂಡಗಳಲ್ಲಿ ಹರಡಿದೆ. 1955ರಲ್ಲಿ ಮಾಂಟ್‌ಗೊಮರಿಯ ಬಸ್ಸಿನಲ್ಲಿ ತಮ್ಮ ಆಸನವನ್ನು ಬಿಟ್ಟುಕೊಡದೆ ಹೊಸ ಹೋರಾಟಕ್ಕೆ ನಾಂದಿ ಹಾಡಿದ ರೋಸಾ ಪಾರ್ಕ್ಸ್ ಆ ಚರ್ಚಿನ ಸದಸ್ಯೆಯೇ. ಕಮ್ಮಾರಸಾಲೆ ನಿಂತಿದ್ದ ನಿವೇಶನದಲ್ಲಿ ಈಗ ದೊಡ್ಡ ಕಲ್ಲಿನ ಚರ್ಚು ಇದೆ. ಅಲೆನ್ ದಂಪತಿಗಳ ಸಮಾಧಿಯೂ ಅಲ್ಲಿಯೇ ಇದೆ. ಆ ಮಂದಿರದಲ್ಲಿ ಮೊಣಕಾಲೂರಿದ ಯಾರನ್ನೂ ಬಣ್ಣದ ಕಾರಣಕ್ಕಾಗಿ ಎಬ್ಬಿಸುವವರಿಲ್ಲ.