ಕನಕದಾಸರ ಮುಂಡಿಗೆ, ನಮ್ಮ ಪಾಸ್‌ವರ್ಡ್

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮಗೆ ಕನಕದಾಸರು ಪಠ್ಯಪುಸ್ತಕದ ಕವಿ ಅಷ್ಟೇ ಅಲ್ಲ, ನಮ್ಮೂರಿನ ಹಿರಿಯರಿದ್ದ ಹಾಗೆ. ಜಯಂತಿ ಬಂದಾಗ ಕೀರ್ತನೆ ಹಾಡ್ತೀವಿ, ಉಡುಪಿಯ ಕಿಂಡಿಯ ಕತೆ ಹೇಳ್ತೀವಿ. ಈ ಸಲ ಅವರ ಬದುಕನ್ನು ಕಂಪ್ಯೂಟರ್ ಪಕ್ಕದಲ್ಲಿಟ್ಟು ಓದೋಣ. ಮೇಲ್ ಮತ್ತು ಫೈಲ್‌ಗಳಿಗೆ ಬೀಗ ಹಾಕೋದು, ಅಂದ್ರೆ ಎನ್‌ಕ್ರಿಪ್ಶನ್, ಯಾಕೆ ಬೇಕು ಅಂತ ಮನೆಯವರಿಗೆ ತಿಳಿಸೋಕೆ ಇವರಷ್ಟು ಹತ್ತಿರದವರು ನಮಗೆ ಬೇರೆ ಸಿಗಲಿಲ್ಲ.

ಶಿಗ್ಗಾಂವಿ ತಾಲೂಕಿನ ಬಾಡ ಅವರ ಹುಟ್ಟೂರು. ತಂದೆ ಬೀರೇಗೌಡ, ತಾಯಿ ಬಚ್ಚಮ್ಮ. ಕುರುಬರ ಮನೆತನ. ಇಟ್ಟ ಹೆಸರು ತಿಮ್ಮಪ್ಪ. ಅದು 16ನೇ ಶತಮಾನ, ವಿಜಯನಗರದ ಕಾಲ. ಬಂಕಾಪುರ ಸೀಮೆಯ ನಾಯಕರಾಗಿದ್ದಾಗ ನೆಲ ಅಗೆಯುವಲ್ಲಿ ಹೊನ್ನು ಸಿಕ್ಕಿತು, ಅದಕ್ಕೇ ತಿಮ್ಮಪ್ಪನಾಯಕರು ಕನಕನಾಯಕರಾದರು ಅಂತ ನಮ್ಮ ಕಡೆ ಹೇಳ್ತಾರೆ. ಮುಂದೆ ಯುದ್ಧದಲ್ಲಿ ಸಾಯುವಷ್ಟು ಪೆಟ್ಟಾಗಿ ಬದುಕಿ ಉಳಿದಾಗ ಕತ್ತಿ ಕೆಳಗಿಟ್ಟು ದಾಸರಾದರು ಅನ್ನೋದು ಪ್ರತೀತಿ. ಕಾಗಿನೆಲೆಯ ಆದಿಕೇಶವನ ಹೆಸರೇ ಅವರ ಕೀರ್ತನೆಗಳ ಅಂಕಿತವಾಯಿತು.

ಅವರು ವ್ಯಾಸರಾಯರ ಶಿಷ್ಯರಾದರು. ಕುರುಬರ ಹುಡುಗನಿಗೆ ಗುರುಗಳು ಇಷ್ಟು ಮರ್ಯಾದೆ ಕೊಡೋದು ಮಠದ ಉಳಿದ ಶಿಷ್ಯರಿಗೆ ಸರಿಬರಲಿಲ್ಲ. ಆಗ ನಡೆದದ್ದೇ ಬಾಳೆಹಣ್ಣಿನ ಕತೆ. ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಎಲ್ಲರಿಗೂ ಒಂದೊಂದು ಹಣ್ಣು ಕೊಟ್ಟರಂತೆ. ಒಬ್ಬ ಬಾಗಿಲ ಹಿಂದೆ, ಇನ್ನೊಬ್ಬ ಮರದ ಮರೆಯಲ್ಲಿ ತಿಂದು ಬಂದರು. ಕನಕರು ಮಾತ್ರ ಹಣ್ಣನ್ನು ಹಾಗೇ ವಾಪಸ್ ತಂದರು. ದೇವರು ನೋಡದ ಜಾಗ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ.

ಕನಕರು ಕಂಡದ್ದು ಭಕ್ತಿಯ ಮಾತು. ಇಂಟರ್ನೆಟ್‌ನಲ್ಲಿ ನೋಡೋರು ದೇವರಲ್ಲ, ಮನುಷ್ಯರು ಮತ್ತು ಯಂತ್ರಗಳು. ಆದರೆ ಪಾಠ ಒಂದೇ: ಯಾರೂ ನೋಡದ ಜಾಗ ಇಲ್ಲಿಲ್ಲ. ನಾವು ಕಳಿಸಿದ ಮೇಲ್ ದಾರಿಯಲ್ಲಿ ಸಾಮಾನ್ಯವಾಗಿ ಬೀಗದೊಳಗೇ ಹೋಗ್ತದೆ. ಸರ್ವರ್ ಮುಟ್ಟಿದ ಮೇಲೆ ಮೇಲ್ ಕಂಪನಿಯ ಯಂತ್ರ ಅದನ್ನು ಓದಬಹುದು. ಪಾಸ್‌ವರ್ಡ್ ಕದ್ದವರೂ ಓದಬಹುದು. ಹಾಗಾಗಿ ಜಾಗ ಹುಡುಕೋದು ಬಿಟ್ಟು, ವಿಷಯವನ್ನೇ ಯಾರಿಗೂ ತಿಳಿಯದ ಹಾಗೆ ಮಾಡಬೇಕು.

ಕನಕದಾಸರಿಗೆ ಆ ವಿದ್ಯೆ ಗೊತ್ತಿತ್ತು. ಅದರ ಹೆಸರು ಮುಂಡಿಗೆ. ಊರ ಮುಂದೆ ಎಲ್ಲರೂ ಕೇಳುವಂತೆ ಹಾಡಿದರೂ, ಒಳಗಿನ ಅರ್ಥ ಕೀಲಿ ಗೊತ್ತಿದ್ದವರಿಗಷ್ಟೇ ತೆರೀತದೆ. ರೀತಿ ತಿಳಿಯಲಿ ಅಂತ ನಾವೇ ಒಂದು ಕಟ್ಟಿದ್ದೀವಿ, ನೋಡ್ರಿ: ಲಂಕೆ ಸುಟ್ಟವನ ತಂದೆಯ ಇನ್ನೊಬ್ಬ ಮಗನ ತಮ್ಮನ ಸಾರಥಿ ಯಾರು? ಹನುಮಂತನಿಂದ ವಾಯು, ವಾಯುವಿನಿಂದ ಭೀಮ, ಭೀಮನಿಂದ ಅರ್ಜುನ, ಅಲ್ಲಿಂದ ಕೃಷ್ಣ. ರಾಮಾಯಣ, ಭಾರತ ಗೊತ್ತಿದ್ದರೆ ಬಿಡಿಸಬಹುದು, ಇಲ್ಲದಿದ್ದರೆ ಇಲ್ಲ. ಇಲ್ಲಿ ಕೀಲಿ ಅಂದ್ರೆ ತಿಳಿವಳಿಕೆ. ಅದು ಹುಟ್ಟಿದ ಜಾತಿ ಕೇಳೋದಿಲ್ಲ. ಜಾತಿ ನೋಡಿ ಬಾಗಿಲು ಹಾಕಿದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಅವರು ಇನ್ನೊಂದು ದಾರಿಯನ್ನೂ ಬಳಸಿದರು. ರಾಮಧಾನ್ಯಚರಿತೆಯಲ್ಲಿ ರಾಗಿಗೂ ಭತ್ತಕ್ಕೂ ಯಾರು ಮೇಲು ಅಂತ ಜಗಳ. ರಾಮ ಇಬ್ಬರನ್ನೂ 6 ತಿಂಗಳು ಸೆರೆಯಲ್ಲಿಡ್ತಾನೆ. ಕೊನೆಗೆ ಭತ್ತ ಸೊರಗಿರ್ತದೆ, ರಾಗಿ ಗಟ್ಟಿಯಾಗಿರ್ತದೆ. ಕೇಳೋಕೆ ಕಾಳಿನ ಕತೆ, ಒಳಗೆ ಮೇಲುಕೀಳಿನ ಪ್ರಶ್ನೆ. ಗುಟ್ಟು ಇದೆ ಅಂತಲೇ ಗೊತ್ತಾಗದ ಹಾಗೆ ಮುಚ್ಚಿಡೋದಕ್ಕೆ ನಮ್ಮ ಪಾಠದಲ್ಲಿ ಸ್ಟೆಗನೋಗ್ರಫಿ ಅಂತಾರೆ.

ಮುಂಡಿಗೆಗೂ ಇವತ್ತಿನ ಎನ್‌ಕ್ರಿಪ್ಶನ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಮುಂಡಿಗೆಯನ್ನು ಜಾಣರು ಯೋಚಿಸಿ ಬಿಡಿಸಬಹುದು. ಎಇಎಸ್-256 ಬೀಗ ಹಾಗಲ್ಲ. ಅದರ ವಿಧಾನ ಜಗತ್ತಿಗೆಲ್ಲ ಗೊತ್ತು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ಇ-ಆಧಾರ್ ಪಿಡಿಎಫ್ ನೆನಪು ಮಾಡಿಕೊಳ್ಳಿ. ಅದರ ಪಾಸ್‌ವರ್ಡ್ ಹೆಸರಿನ ಮೊದಲ 4 ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ನಮ್ಮ ಹೆಸರು, ವಯಸ್ಸು ಗೊತ್ತಿದ್ದವರಿಗೆ ಅದು ಬೀಗವೇ ಅಲ್ಲ.

ಕೀಲಿಯನ್ನು ದೂರದವರಿಗೆ ಮುಟ್ಟಿಸೋದು ಹೇಗೆ? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಇದಕ್ಕೆ ಹೊಸ ದಾರಿ ತೋರಿಸಿದರು. ಗುಡಿಯ ಹುಂಡಿ ಇದ್ದ ಹಾಗೆ ಅಂದುಕೊಳ್ಳಿ. ಕಾಣಿಕೆ ಯಾರು ಬೇಕಾದರೂ ಹಾಕಬಹುದು, ತೆಗೆಯೋದು ಕೀಲಿ ಇಟ್ಟುಕೊಂಡವರಿಗೆ ಮಾತ್ರ ಸಾಧ್ಯ. ಹಾಕುವ ಬಾಯಿ ಬಹಿರಂಗ ಕೀಲಿ, ತೆಗೆಯುವ ಕೀಲಿ ಖಾಸಗಿ. 1991ರಲ್ಲಿ ಫಿಲ್ ಝಿಮ್ಮರ್‌ಮನ್ ಹೊರತಂದ ಪಿಜಿಪಿ ಈ ವಿದ್ಯೆಯನ್ನು ಸಾಮಾನ್ಯರ ಮೇಲ್‌ಗೂ ತಂತು.

ಮನೆಯಲ್ಲಿ ಇಷ್ಟೆಲ್ಲ ಬೇಕಿಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಸ್ಕ್ಯಾನ್ ಮಾಡಿ ಝೆರಾಕ್ಸ್ ಅಂಗಡಿಯ ಮೇಲ್‌ಗೆ ಕಳಿಸೋದು ನಮ್ಮೂರುಗಳಲ್ಲಿ ದಿನದ ಮಾತು. ಪ್ರಿಂಟ್ ಆದ ಮೇಲೆ ಎದುರಿಗೇ ನಿಂತು ಅಳಿಸೋಕೆ ಹೇಳ್ರಿ. ಮನೆಯವರಿಗೆ, ಗೆಳೆಯರಿಗೆ ಕಳಿಸುವಾಗ ಉಚಿತವಾದ 7-ಜಿಪ್‌ನಲ್ಲಿ 7ಝಡ್ ಫೈಲ್ ಮಾಡಿ ಪಾಸ್‌ವರ್ಡ್ ಹಾಕ್ರಿ, ಫೈಲ್ ಹೆಸರು ಮುಚ್ಚುವ ಆಯ್ಕೆಗೂ ಟಿಕ್ ಹಾಕ್ರಿ. ಪಾಸ್‌ವರ್ಡನ್ನು ಅದೇ ಮೇಲ್‌ನಲ್ಲಿ ಬರೀಬೇಡ್ರಿ, ಫೋನ್ ಮಾಡಿ ಹೇಳ್ರಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪೂ ಇರ್ತದೆ, ಊಹಿಸೋದೂ ಕಷ್ಟ.

ಕೊನೆಯದಾಗಿ, ಕೀಲಿಯನ್ನು ಕಾಪಾಡಿಕೊಳ್ಳಬೇಕು. ಕನಕದಾಸರ ಕೆಲವು ಮುಂಡಿಗೆಗಳಿಗೆ ವಿದ್ವಾಂಸರು ಇವತ್ತಿಗೂ ಬೇರೆಬೇರೆ ಅರ್ಥ ಹೇಳ್ತಾರೆ. ಹಾಡು ನಮ್ಮ ಹತ್ತಿರ ಉಳಿದಿದೆ, ಕೀಲಿ ಅವರ ಜೊತೆಗೇ ಹೋಗಿದೆ. ಬೀಗ ಹಾಕಿದ ಫೈಲ್‌ನ ಪಾಸ್‌ವರ್ಡ್ ಮರೆತರೆ ಬೇರೆಬೇರೆ ಅರ್ಥವೂ ಸಿಗೋದಿಲ್ಲ, ಏನೂ ಸಿಗೋದಿಲ್ಲ. ಒಂದು ಚೀಟಿಯಲ್ಲಿ ಬರೆದು ಮನೆಯ ಟ್ರಂಕಿನಲ್ಲಿಡ್ರಿ.